ಉಟ್ರೆಕ್ಟ್‌ನಲ್ಲಿ ಮೊದಲು ನೋಡಬೇಕಾದ್ದು ಖಾಲಿ ಜಾಗ

ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ಗೆ ಮೊದಲ ಸಲ ಹೋದಾಗ ಮಧ್ಯಾಹ್ನ ತಲುಪಿ, ಡೋಮ್ ಗೋಪುರದ ಟಿಕೆಟ್ ಸಿಗದೆ ವಾಪಸ್ ಬಂದಿದ್ದೆ. ಗೈಡ್ ಜೊತೆಗೇ ಹತ್ತಬೇಕು, ಸುಮ್ನೆ ಹೋಗಿ ಹತ್ತೋಕಾಗಲ್ಲ. ಅಪ್ಪ ಅಮ್ಮ ಬಂದಾಗ ಮೊದಲೇ ಬುಕ್ ಮಾಡಿ ಬೆಳಗ್ಗೆಯೇ ರೈಲು ಹತ್ತಿದೆವು. ಆಮ್‌ಸ್ಟರ್‌ಡ್ಯಾಮ್‌ನಿಂದ ಅರ್ಧ ಗಂಟೆ.

ಗೋಪುರಕ್ಕೆ ಹೋಗುವ ಮುಂಚೆ ಪಕ್ಕದ ಚೌಕದಲ್ಲಿ ನಿಂತೆವು. ಒಂದು ಕಡೆ 112 ಮೀಟರ್ ಎತ್ತರದ ಗೋಪುರ, ಇನ್ನೊಂದು ಕಡೆ ಆ ಗೋಪುರದ್ದೇ ಚರ್ಚು, ನಡುವೆ ಬಯಲು. "ಗೋಪುರ ಅಲ್ಲಿ, ಗುಡಿ ಇಲ್ಲಿ, ಯಾಕೋ ಹೀಗೆ?" ಅಂತ ಅಮ್ಮ ಕೇಳಿದರು. ಈ ಊರಿನ ಕಥೆ ಶುರುವಾಗುವುದೇ ಆ ಪ್ರಶ್ನೆಯಿಂದ.

ಚರ್ಚಿನ ಕೆಲಸ ಶುರುವಾಗಿದ್ದು 1254ರಲ್ಲಿ. ಗೋಪುರ ಕಟ್ಟಿದ್ದು 1321ರಿಂದ 1382ರವರೆಗೆ. ಎರಡರ ನಡುವಿನ ದೊಡ್ಡ ಹಜಾರ ಕಟ್ಟುವ ಹೊತ್ತಿಗೆ ದುಡ್ಡು ಸಾಲಲಿಲ್ಲ. ಗೋಡೆಗಳಿಗೆ ಬೇಕಾದಷ್ಟು ಆಸರೆ ಕೊಡಲಿಲ್ಲ. 1674ರ ಆಗಸ್ಟ್ 1ರ ಬಿರುಗಾಳಿಗೆ ಹಜಾರ ಉರುಳಿತು. ಗೋಪುರ ಅಲುಗಲಿಲ್ಲ. ಬಿದ್ದ ಕಲ್ಲುಗಳು ನೂರಕ್ಕೂ ಜಾಸ್ತಿ ವರ್ಷ ಹಾಗೇ ಬಿದ್ದಿದ್ದವು. ಹಜಾರ ಎಲ್ಲಿತ್ತು ಅಂತ ಈಗ ನೆಲದಲ್ಲಿ ಬೇರೆ ಬಣ್ಣದ ಕಲ್ಲು ಹಾಸಿ ತೋರಿಸಿದ್ದಾರೆ. ಅಪ್ಪ ಆ ಗುರುತಿನ ಮೇಲೇ ಈ ತುದಿಯಿಂದ ಆ ತುದಿಗೆ ನಡೆದರು. ಆಗಲೇ ಅದರ ಅಳತೆ ನನಗೂ ಅಂದಾಜಾಗಿದ್ದು.

ಚರ್ಚಿನೊಳಗೆ ಒಂದು ಕಲ್ಲಿನ ಕೆತ್ತನೆಯನ್ನು ತಪ್ಪಿಸಬೇಡಿ. ಬಟ್ಟೆಯ ನೆರಿಗೆಗಳೆಲ್ಲ ನುಣುಪಾಗಿವೆ, ಮುಖಗಳು ಮಾತ್ರ ಇಲ್ಲ. ಚರ್ಚಿನಲ್ಲಿ ಮೂರ್ತಿಗಳು ಕೂಡದು ಅಂದ ಪ್ರಾಟೆಸ್ಟೆಂಟ್ ಸುಧಾರಣೆಯ ಕಾಲದಲ್ಲಿ ಉಳಿಯಿಂದ ಕೆತ್ತಿ ತೆಗೆದಿದ್ದಾರೆ. ಅಮ್ಮ ಅಲ್ಲಿಂದ ಕದಲಲಿಲ್ಲ.

ಗೋಪುರಕ್ಕೆ 465 ಮೆಟ್ಟಿಲು. ಅಮ್ಮ ಕೆಳಗೇ ಉಳಿದರು, ಮಂಡಿನೋವು. ಗಂಟೆಗಳ ಅಂತಸ್ತಿನಲ್ಲಿ ಸುಧಾರಿಸಿಕೊಳ್ಳಿ. ಅಲ್ಲಿನ ದೊಡ್ಡ ಗಂಟೆ ಸಾಲ್ವಾತೋರ್ 8 ಟನ್‌ಗೂ ಹೆಚ್ಚು ತೂಗುತ್ತದೆ, 1505ರಲ್ಲಿ ಎರಕ ಹೊಯ್ದದ್ದು. ಈಗಲೂ ಜನ ಸೇರಿ ಹಗ್ಗ ಎಳೆದೇ ಬಾರಿಸುತ್ತಾರೆ.

ಇಳಿದ ಮೇಲೆ ಔಡೆಗ್ರಾಖ್ಟ್ ಕಾಲುವೆಗೆ ಬಂದೆವು. ಉಟ್ರೆಕ್ಟ್‌ಗೆ ಪಟ್ಟಣದ ಹಕ್ಕು, ಅಂದರೆ ತನ್ನ ಆಡಳಿತ ತಾನೇ ನೋಡಿಕೊಳ್ಳುವ ಅಧಿಕಾರ, ಸಿಕ್ಕಿದ್ದು 1122ರಲ್ಲಿ. ದೋಣಿಯಲ್ಲಿ ಬಂದ ಸರಕೇ ಆಗ ಊರಿನ ಉಸಿರು. ರಸ್ತೆ ಮೇಲೆ, ನೀರು ತುಂಬಾ ಕೆಳಗೆ. ಅದಕ್ಕೇ ನೀರಿನ ಮಟ್ಟದಲ್ಲಿ ಕಟ್ಟೆ ಕಟ್ಟಿ, ರಸ್ತೆಯ ಅಡಿಯಲ್ಲೇ ಮನೆಗಳ ತನಕ ಉಗ್ರಾಣ ಮಾಡಿಕೊಂಡರು. ದೋಣಿಯಿಂದ ಸರಕು ನೇರ ಒಳಕ್ಕೆ! ಈಗ ಅವುಗಳಲ್ಲಿ ಹೋಟೆಲುಗಳಿವೆ. ಅಮ್ಮನನ್ನು ಮೆಲ್ಲಗೆ ಕೆಳಗಿಳಿಸಿ ಅಂಥದ್ದೊಂದರಲ್ಲಿ ಕೂತು ಕಾಫಿ ಕುಡಿದೆವು. ತಲೆ ಮೇಲೆ ಇಟ್ಟಿಗೆಯ ಕಮಾನು, ಅದರ ಮೇಲೆ ಸೈಕಲ್ಲುಗಳ ಓಡಾಟ.