ವೃತ್ತಿಪರ ಕುಸ್ತಿಯ ದಂತಕಥೆಗಳನ್ನು ಗುರುತಿಸುವುದು ಹೇಗೆ? ನೋಡುಗರಿಗೊಂದು ಕೈಪಿಡಿ

ತೊಂಬತ್ತರ ದಶಕದಲ್ಲಿ ಶಾಲೆಗೆ ಹೋಗುತ್ತಿದ್ದ ಬಹಳಷ್ಟು ಕನ್ನಡಿಗರಿಗೆ ಡಬ್ಲ್ಯೂಡಬ್ಲ್ಯೂಎಫ್ (ಇಂದಿನ ಡಬ್ಲ್ಯೂಡಬ್ಲ್ಯೂಇ) ಎಂಬ ಅಮೆರಿಕದ ಸಂಸ್ಥೆಯ ಕುಸ್ತಿಪಟುಗಳ ಪರಿಚಯವಾದದ್ದು ಟ್ರಂಪ್ ಕಾರ್ಡುಗಳ ಮೂಲಕ. ಎತ್ತರ, ತೂಕ, ಎದೆಯ ಸುತ್ತಳತೆ, ತೋಳಿನ ಗಾತ್ರ, ಗೆದ್ದ ಪಂದ್ಯಗಳ ಸಂಖ್ಯೆ, ಇವುಗಳಲ್ಲಿ ಯಾರ ಅಂಕಿ ದೊಡ್ಡದೋ ಅವರ ಕಾರ್ಡು ಗೆಲ್ಲುತ್ತಿತ್ತು. ಆಟಕ್ಕೆ ಆ ಲೆಕ್ಕ ಸಾಕಾಗಿತ್ತು. ಆದರೆ ದೊಡ್ಡವರಾದ ಮೇಲೂ ನಮ್ಮಲ್ಲಿ ಅನೇಕರು ಕುಸ್ತಿಪಟುವಿನ ಹಿರಿಮೆಯನ್ನು ಅದೇ ಲೆಕ್ಕದಲ್ಲಿ ಅಳೆಯುತ್ತೇವೆ: ಎಷ್ಟು ಸಲ ಚಾಂಪಿಯನ್, ಎಷ್ಟು ವರ್ಷ ಅಜೇಯ, ಹಾಲ್ ಆಫ್ ಫೇಮ್ ಎಂಬ ಗೌರವ ಪಟ್ಟಿಯಲ್ಲಿ ಇದ್ದಾನೋ ಇಲ್ಲವೋ. ಈ ಅಳತೆಗಳು ಎಲ್ಲಿ ದಾರಿ ತಪ್ಪಿಸುತ್ತವೆ ಮತ್ತು ಅವುಗಳ ಬದಲಿಗೆ ಏನನ್ನು ನೋಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಈ ಕಲೆಯ ಸ್ವರೂಪವನ್ನು ಒಪ್ಪಿಕೊಂಡು ಕುಳಿತುಕೊಳ್ಳಬೇಕು. ಮೈಸೂರು ದಸರಾದ ಅಖಾಡಕ್ಕೆ ಇಬ್ಬರು ಪೈಲ್ವಾನರು ಇಳಿದರೆ ಯಾರ ಬೆನ್ನು ಮಣ್ಣು ಮುಟ್ಟುತ್ತದೆ ಎಂಬುದು ಅವರಿಗೂ ಗೊತ್ತಿರುವುದಿಲ್ಲ. ವೃತ್ತಿಪರ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂಬುದನ್ನು ಸಂಸ್ಥೆ ಮೊದಲೇ ತೀರ್ಮಾನಿಸಿರುತ್ತದೆ. ಹಾಗೆಂದು ಅದನ್ನು ಮೋಸವೆಂದು ಪಕ್ಕಕ್ಕಿಟ್ಟರೆ ನೋಡಬೇಕಾದದ್ದೇ ಕಾಣುವುದಿಲ್ಲ. ಕರ್ಣ ಸಾಯುತ್ತಾನೆಂದು ತಿಳಿದೇ ಯಕ್ಷಗಾನದ ರಂಗಸ್ಥಳದ ಮುಂದೆ ಬೆಳಗಿನವರೆಗೆ ಕೂರುವ ಪ್ರೇಕ್ಷಕ, ಆ ಸಾವನ್ನು ವೇಷಧಾರಿ ಹೇಗೆ ಕಟ್ಟಿಕೊಟ್ಟ ಎಂಬುದರ ಮೇಲೆ ತಾನೇ ಬೆಲೆ ಕಟ್ಟುತ್ತಾನೆ? ಇಲ್ಲಿಯೂ ಹಾಗೆಯೇ ನೋಡಬೇಕು. ಜೊತೆಗೆ, ಫಲಿತಾಂಶ ಪೂರ್ವನಿರ್ಧರಿತವಾದರೂ ಬೀಳುವ ಪೆಟ್ಟು ನಿಜವಾದದ್ದು. 1997ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಓವನ್ ಹಾರ್ಟ್ ಎದುರಾಳಿಯನ್ನು ತಲೆಕೆಳಗಾಗಿ ನೆಲಕ್ಕೆ ಕುಕ್ಕುವ ಪೈಲ್‌ಡ್ರೈವರ್ ಪಟ್ಟು ಹಾಕುವಾಗ ತಪ್ಪಿ ಸ್ಟೀವ್ ಆಸ್ಟಿನ್ ಅವರ ಕುತ್ತಿಗೆಗೆ ಆದ ಗಾಯ ಅವರ ವೃತ್ತಿಯನ್ನೇ ಮೊಟಕುಗೊಳಿಸಿತು. 2003ರಲ್ಲಿ ಅವರು ರಿಂಗ್‌ನಿಂದ ಹೊರಬಂದರು.

ಫಲಿತಾಂಶವನ್ನು ಸಂಸ್ಥೆಯೇ ಬರೆಯುತ್ತದೆ ಎಂದ ಮೇಲೆ ಬೆಲ್ಟುಗಳ, ಅಂದರೆ ಗೆದ್ದ ಪಟ್ಟಗಳ, ಎಣಿಕೆಗೆ ಎಷ್ಟು ತೂಕ ಕೊಡಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. 1999ರಲ್ಲಿ ಡಬ್ಲ್ಯೂಡಬ್ಲ್ಯೂಎಫ್‌ನ ಮಾಲೀಕ ವಿನ್ಸ್ ಮ್ಯಾಕ್‌ಮಹನ್ ಅವರೇ ತಮ್ಮ ಸಂಸ್ಥೆಯ ಚಾಂಪಿಯನ್ ಆದರು. 2000ದಲ್ಲಿ ಪ್ರತಿಸ್ಪರ್ಧಿ ಸಂಸ್ಥೆ ಡಬ್ಲ್ಯೂಸಿಡಬ್ಲ್ಯೂ ತನ್ನ ವಿಶ್ವ ಪಟ್ಟವನ್ನು ಡೇವಿಡ್ ಆರ್ಕೆಟ್ ಎಂಬ ಸಿನಿಮಾ ನಟನಿಗೆ ಕಟ್ಟಿತು. ಇನ್ನೊಂದೆಡೆ ಜೇಕ್ ರಾಬರ್ಟ್ಸ್ ಡಬ್ಲ್ಯೂಡಬ್ಲ್ಯೂಎಫ್‌ನಲ್ಲಿ ಒಂದೇ ಒಂದು ಪಟ್ಟವನ್ನೂ ಧರಿಸಲಿಲ್ಲ. ರಾಡಿ ಪೈಪರ್ ಅಲ್ಲಿ ಎಂದೂ ವಿಶ್ವ ಚಾಂಪಿಯನ್ ಆಗಲಿಲ್ಲ. ಆದರೂ ಎಂಬತ್ತರ ದಶಕದ ಕುಸ್ತಿಯ ಕಥೆಯನ್ನು ಈ ಇಬ್ಬರನ್ನು ಬಿಟ್ಟು ಹೇಳಲಾಗದು. ಹಾಲ್ ಆಫ್ ಫೇಮ್ ಕೂಡ ಇಂಥದ್ದೇ. 1993ರಲ್ಲಿ ಆಂಡ್ರೆ ದಿ ಜಯಂಟ್ ಅವರಿಗೆ ಮರಣೋತ್ತರ ಗೌರವವಾಗಿ ಆರಂಭವಾದ ಅದಕ್ಕೆ ಹೆಸರುಗಳನ್ನು ಆರಿಸುವುದು ಸಂಸ್ಥೆಯೇ ಹೊರತು ಸ್ವತಂತ್ರ ಸಮಿತಿಯಲ್ಲ. ಪ್ರೇಕ್ಷಕರ ಸಂಖ್ಯೆಯನ್ನೂ ಎಚ್ಚರದಿಂದ ಓದಬೇಕು. ಸಂಸ್ಥೆಯ ವರ್ಷದ ಅತಿದೊಡ್ಡ ಕಾರ್ಯಕ್ರಮವಾದ ರೆಸಲ್‌ಮೇನಿಯಾದ ಮೂರನೆಯ ಆವೃತ್ತಿಗೆ, 1987ರಲ್ಲಿ, 93,173 ಜನ ಬಂದಿದ್ದರೆಂದು ಸಂಸ್ಥೆ ಘೋಷಿಸಿತು. ಆ ಅಂಕಿಯ ಬಗ್ಗೆ ವಿವಾದ ಇಂದಿಗೂ ನಿಂತಿಲ್ಲ.

ಅಂಡರ್‌ಟೇಕರ್ ಅವರ ಸತತ ಗೆಲುವುಗಳ ದಾಖಲೆಯನ್ನೂ ಇದೇ ದೃಷ್ಟಿಯಿಂದ ನೋಡಬಹುದು. 1991ರಿಂದ 2013ರವರೆಗೆ ರೆಸಲ್‌ಮೇನಿಯಾದಲ್ಲಿ ಅವರು ಸೋಲಲೇ ಇಲ್ಲ; 21 ಗೆಲುವುಗಳು. ಆದರೆ 1993ರಲ್ಲಿ ಜಯಂಟ್ ಗೊನ್ಜಾಲೆಜ್ ವಿರುದ್ಧ ಎದುರಾಳಿಯ ಅನರ್ಹತೆಯಿಂದ ದಕ್ಕಿದ ಗೆಲುವನ್ನು ಇಂದು ಯಾರೂ ಮೆಚ್ಚಿ ನೆನೆಯುವುದಿಲ್ಲ. ಆ ದಾಖಲೆಗೆ ಘನತೆ ಬಂದದ್ದು ಬಹಳ ತಡವಾಗಿ, ಮುಖ್ಯವಾಗಿ 2009 ಮತ್ತು 2010ರಲ್ಲಿ ಶಾನ್ ಮೈಕಲ್ಸ್ ಜೊತೆ ನಡೆದ ಎರಡು ಪಂದ್ಯಗಳಿಂದ. ಎರಡನೆಯದರಲ್ಲಿ ಸೋತರೆ ನಿವೃತ್ತಿ ಎಂಬ ಷರತ್ತಿಗೆ ಒಪ್ಪಿ ಮೈಕಲ್ಸ್ ಸೋತರು, ಹೊರಟರು. ಅಂಡರ್‌ಟೇಕರ್ ಅವರ ಅಂಕಿಗೆ ಬೆಲೆ ತಂದುಕೊಟ್ಟವರಲ್ಲಿ ಅವರಿಂದ ಸೋತ ಮೈಕಲ್ಸ್ ಮೊದಲಿಗರು ಎಂದು ನಾನು ಹೇಳುತ್ತೇನೆ.

ಈ ಕೈಪಿಡಿಯ ತಿರುಳು ಇರುವುದೂ ಅಲ್ಲಿಯೇ. ಒಬ್ಬ ಕುಸ್ತಿಪಟು ದಂತಕಥೆಯೋ ಅಲ್ಲವೋ ಎಂಬುದನ್ನು ತೀರ್ಮಾನಿಸಬೇಕಾದರೆ ಅವನ ಗೆಲುವುಗಳನ್ನು ಬದಿಗಿಟ್ಟು ಸೋಲುಗಳನ್ನು ತೆಗೆದು ನೋಡಿ. ಗೆಲುವನ್ನು ಸಂಸ್ಥೆ ಕೊಡಬಲ್ಲದು. ಸೋತಾಗ ತಾನೂ ಕುಗ್ಗದೆ, ಗೆದ್ದವನನ್ನೂ ದೊಡ್ಡವನನ್ನಾಗಿ ಮಾಡುವ ಶಕ್ತಿಯನ್ನು ಯಾವ ಸಂಸ್ಥೆಯೂ ಕೊಡಲಾರದು.

ಇದಕ್ಕೆ ಒಂದು ಪಂದ್ಯವನ್ನು ಹತ್ತಿರದಿಂದ ನೋಡೋಣ. 1997ರ ಮಾರ್ಚ್ 23ರಂದು ಶಿಕಾಗೋ ಬಳಿಯ ರೋಸ್‌ಮಾಂಟ್‌ನಲ್ಲಿ, ಹದಿಮೂರನೆಯ ರೆಸಲ್‌ಮೇನಿಯಾದಲ್ಲಿ, ಬ್ರೆಟ್ ಹಾರ್ಟ್ ಮತ್ತು ಸ್ಟೀವ್ ಆಸ್ಟಿನ್ ಎದುರಾದರು. ಎದುರಾಳಿ ಶರಣಾದರೆ ಮಾತ್ರ ಗೆಲುವು ಎಂಬುದು ನಿಯಮ. ಪಂದ್ಯ ಆರಂಭವಾದಾಗ ಹಾರ್ಟ್ ನಾಯಕ, ಆಸ್ಟಿನ್ ಖಳ. ಕೊನೆಯಲ್ಲಿ ಹಾರ್ಟ್ ತಮ್ಮ ಪ್ರಸಿದ್ಧ ಶಾರ್ಪ್‌ಶೂಟರ್ ಪಟ್ಟಿನಲ್ಲಿ ಆಸ್ಟಿನ್ ಅವರ ಕಾಲುಗಳನ್ನು ಸಿಕ್ಕಿಸಿ ಬೆನ್ನ ಮೇಲೆ ಕುಳಿತಾಗ, ಆಸ್ಟಿನ್ ಅವರ ಹಣೆಯಿಂದ ರಕ್ತ ಹರಿದು ಹಲ್ಲುಗಳವರೆಗೆ ಇಳಿದಿರುತ್ತದೆ. ಅವರು ಚಾಪೆಗೆ ಅಂಗೈ ಊರಿ ಮೇಲೇಳಲು ಹೆಣಗುತ್ತಾರೆ, ಒಂದು ಕ್ಷಣ ಹಿಡಿತ ಸಡಿಲವಾದಂತೆ ಕಾಣುತ್ತದೆ, ಮತ್ತೆ ಬಿಗಿಯಾಗುತ್ತದೆ. ಆಸ್ಟಿನ್ ಶರಣಾಗುವುದಿಲ್ಲ, ಪ್ರಜ್ಞೆ ತಪ್ಪುತ್ತಾರೆ. ರೆಫರಿ ಕೆನ್ ಶಾಮ್‌ರಾಕ್ ಪಂದ್ಯ ನಿಲ್ಲಿಸುತ್ತಾರೆ. ಗೆದ್ದ ಹಾರ್ಟ್ ಪ್ರಜ್ಞೆಯಿಲ್ಲದವನನ್ನು ಮತ್ತೆ ಹೊಡೆಯಲು ಹೋಗಿ ಜನರ ಧಿಕ್ಕಾರಕ್ಕೆ ಗುರಿಯಾಗುತ್ತಾರೆ. ಸೋತ ಆಸ್ಟಿನ್ ಯಾರ ನೆರವನ್ನೂ ಪಡೆಯದೆ ಕುಂಟುತ್ತ ಹೊರನಡೆಯುವಾಗ ಇಡೀ ಸಭಾಂಗಣ ಅವರ ಪರವಾಗಿರುತ್ತದೆ. ಒಂದೇ ಪಂದ್ಯದೊಳಗೆ ನಾಯಕನೂ ಖಳನೂ ಸ್ಥಾನ ಬದಲಿಸಿಕೊಂಡರು. ಆಸ್ಟಿನ್ ಮೊದಲ ಸಲ ವಿಶ್ವ ಪಟ್ಟ ಗೆದ್ದದ್ದು ಅದಾದ ಒಂದು ವರ್ಷದ ಮೇಲೆ, 1998ರಲ್ಲಿ; ಅವರು ದೊಡ್ಡವರಾದದ್ದು ಮಾತ್ರ ಈ ಸೋಲಿನಲ್ಲಿ. ಇದರ ಅರ್ಧ ಶ್ರೇಯಸ್ಸು, ಜನರ ಪ್ರೀತಿಯನ್ನು ತಾವಾಗಿ ಬಿಟ್ಟುಕೊಟ್ಟ ಬ್ರೆಟ್ ಹಾರ್ಟ್ ಅವರಿಗೆ ಸಲ್ಲಬೇಕು.

ಜಪಾನಿನ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. ಅಮೆರಿಕದ ಕುಸ್ತಿಯನ್ನು ಮಾತ್ರ ನೋಡುವವರು ಇದನ್ನು ತಪ್ಪಿಸಿಕೊಳ್ಳಬಾರದು. ಎರಡು ಸಾವಿರದ ದಶಕದಲ್ಲಿ ನ್ಯೂ ಜಪಾನ್ ಸಂಸ್ಥೆ ಪ್ರೇಕ್ಷಕರನ್ನು ಕಳೆದುಕೊಂಡು ಸೊರಗಿದ್ದಾಗ ಅದನ್ನು ಹೆಗಲ ಮೇಲೆ ಹೊತ್ತವರು ಹಿರೋಶಿ ತನಹಾಶಿ. 2012ರ ಜನವರಿ 4ರಂದು ಟೋಕಿಯೋ ಡೋಮ್‌ನಲ್ಲಿ ಅವರು ಆ ಸಂಸ್ಥೆಯ ಅತ್ಯುನ್ನತವಾದ ಐಡಬ್ಲ್ಯೂಜಿಪಿ ಪಟ್ಟವನ್ನು ಸತತ ಹನ್ನೊಂದನೆಯ ಸಲ ಉಳಿಸಿಕೊಂಡು ದಾಖಲೆ ಬರೆದರು. ಮರುತಿಂಗಳೇ ಒಸಾಕಾದಲ್ಲಿ, ವಿದೇಶದಿಂದ ಆಗಷ್ಟೇ ಮರಳಿದ್ದ, ಜನ ಇನ್ನೂ ಒಪ್ಪಿಕೊಳ್ಳದ, 24 ವರ್ಷದ ಕಝುಚಿಕಾ ಒಕಾಡಾಗೆ ಅವರು ಸೋತರು, ಅದೂ ಯಾವ ನೆಪವೂ ಇಲ್ಲದೆ. ಒಂದೇ ರಾತ್ರಿಯಲ್ಲಿ ಒಕಾಡಾ ಮುಂದಿನ ಪೀಳಿಗೆಯ ಮುಖವಾದರು. ಹದಿನಾಲ್ಕು ವರ್ಷಗಳ ನಂತರ, 2026ರ ಜನವರಿ 4ರಂದು, ಅದೇ ಟೋಕಿಯೋ ಡೋಮ್‌ನಲ್ಲಿ ತಮ್ಮ ವಿದಾಯ ಪಂದ್ಯವನ್ನು ತನಹಾಶಿ ಆಡಿದ್ದು ಇದೇ ಒಕಾಡಾ ವಿರುದ್ಧ, ಮತ್ತು ಆಗಲೂ ಸೋತರು.

ಸೋಲನ್ನು ನೋಡಿದ ಬಳಿಕ ಮಾತನ್ನು ಕೇಳಿ. ಮೈಕ್ ಹಿಡಿದು ಮಾಡುವ ಪ್ರೋಮೋ ಈ ವೃತ್ತಿಯ ಅರ್ಧ ಭಾಗ. ಎಲ್ಲರೂ ಅರಚುತ್ತಿದ್ದ ಎಂಬತ್ತರ ದಶಕದಲ್ಲಿ ಜೇಕ್ ರಾಬರ್ಟ್ಸ್ ಪಿಸುದನಿಯಲ್ಲಿ ಮಾತನಾಡಿ ನಡುಕ ಹುಟ್ಟಿಸುತ್ತಿದ್ದರು. 1985ರಲ್ಲಿ ಡಸ್ಟಿ ರೋಡ್ಸ್ ತಮ್ಮ ಎದುರಾಳಿ ರಿಕ್ ಫ್ಲೇರ್‌ಗೆ ಸವಾಲು ಹಾಕುವ ನೆಪದಲ್ಲಿ ಕೆಲಸ ಕಳೆದುಕೊಂಡ ಜವಳಿ ಗಿರಣಿ ಮತ್ತು ಮೋಟಾರು ಕಾರ್ಖಾನೆಗಳ ಕಾರ್ಮಿಕರ ಕಷ್ಟವನ್ನು ಹೇಳಿದರು. ಭಾಷೆ ತಿಳಿಯದಿದ್ದರೂ ಚಿಂತೆಯಿಲ್ಲ. ಮಾತಿನ ನಡುವೆ ಜನ ಎಲ್ಲಿ ಸುಮ್ಮನಾಗುತ್ತಾರೆ ಎಂಬುದನ್ನು ಗಮನಿಸಿದರೆ ಸಾಕು.

ಆಧುನಿಕ ಕಾಲದಲ್ಲಿ ಒಂದು ಹೊಸ ಕಷ್ಟವಿದೆ. ಇಂದಿನ ಪ್ರೇಕ್ಷಕನಿಗೆ ತೆರೆಯ ಹಿಂದಿನದೆಲ್ಲ ಗೊತ್ತು: ಯಾರನ್ನು ಮೇಲೆತ್ತಲು ಸಂಸ್ಥೆ ಹೊರಟಿದೆ, ಯಾರ ಕರಾರು ಮುಗಿಯುತ್ತಿದೆ ಎಂಬುದು ಸಹ. ಆದ್ದರಿಂದ ಹೇರಿದ ನಾಯಕನನ್ನು ಅವನು ಒಪ್ಪುವುದಿಲ್ಲ. ರೋಮನ್ ರೇನ್ಸ್ 2015ರಿಂದ 2018ರವರೆಗೆ ನಾಲ್ಕು ರೆಸಲ್‌ಮೇನಿಯಾಗಳ ಕೊನೆಯ, ಅಂದರೆ ಮುಖ್ಯ, ಪಂದ್ಯದಲ್ಲಿದ್ದರು. ನಾಯಕನೆಂದು ಬಿಂಬಿಸಿದಷ್ಟೂ ಜನ ಧಿಕ್ಕರಿಸಿದರು. 2017ರಲ್ಲಿ ಅಂಡರ್‌ಟೇಕರ್ ಅವರನ್ನು ಸೋಲಿಸಿದ ಮರುದಿನ ಅವರು ರಿಂಗ್‌ನಲ್ಲಿ ನಿಂತಾಗ ಧಿಕ್ಕಾರದ ಸದ್ದಿನಲ್ಲಿ ಬಾಯಿ ತೆರೆಯಲೂ ಬಹಳ ಹೊತ್ತು ಆಗಲಿಲ್ಲ. 2020ರಲ್ಲಿ ಅವರು ಖಳನಾಗಿ, ತಮ್ಮ ಪರವಾಗಿ ಮಾತನಾಡುವ ಪಾಲ್ ಹೇಮನ್ ಅವರನ್ನು ಪಕ್ಕದಲ್ಲಿಟ್ಟುಕೊಂಡು, ತಮ್ಮ ಕುಟುಂಬದವರನ್ನೇ ಅಂಕೆಯಲ್ಲಿಟ್ಟ ಯಜಮಾನನಾಗಿ ಮರಳಿದ ಮೇಲೆ ಪರಿಸ್ಥಿತಿ ತಲೆಕೆಳಗಾಯಿತು. ಚಾಂಪಿಯನ್ ಆಗಿ ಅವರ 1,316 ದಿನಗಳ ಆಳ್ವಿಕೆ 2024ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಡಸ್ಟಿ ಅವರ ಮಗ ಕೋಡಿ ರೋಡ್ಸ್ ಕೈಯಲ್ಲಿ ಮುಗಿಯಿತು. ದಿನಗಳ ಲೆಕ್ಕವನ್ನು ಮರೆತರೂ ನಷ್ಟವಿಲ್ಲ. ತನಗೆ ಒಗ್ಗದ ವೇಷವನ್ನು ಕಳಚಿ ಒಗ್ಗುವುದನ್ನು ಕಂಡುಕೊಂಡರೇ ಎಂಬುದು ಕೇಳಬೇಕಾದ ಪ್ರಶ್ನೆ.

ಜನರ ಧ್ವನಿಗೆ ತಕ್ಷಣ ಒಗ್ಗಿಕೊಳ್ಳುವುದೂ ದೊಡ್ಡವರ ಲಕ್ಷಣ. 2002ರ ಮಾರ್ಚ್‌ನಲ್ಲಿ ಟೊರಾಂಟೊದಲ್ಲಿ ಹಲ್ಕ್ ಹೋಗನ್ ಖಳನಾಗಿ ದಿ ರಾಕ್ ಎದುರು ನಿಂತರೂ ಜನ ಹೋಗನ್ ಪರವಾಗಿ ಕೂಗಿದರು. ಇಬ್ಬರೂ ಪಂದ್ಯದ ನಡುವೆಯೇ ತಮ್ಮ ನಡೆಯನ್ನು ಬದಲಿಸಿಕೊಂಡರು. ಮಹಿಳೆಯರಲ್ಲಿ ಬೆಕಿ ಲಿಂಚ್ ಅವರನ್ನು ನೋಡಿ: 2018ರ ನವೆಂಬರ್‌ನಲ್ಲಿ ಮೂಗು ಮುರಿದು, ಮುಖವೆಲ್ಲ ರಕ್ತವಾಗಿ, ಜನರ ನಡುವೆ ಕೈ ಚಾಚಿ ನಿಂತ ಆ ದೃಶ್ಯದಿಂದ ಅವರು ತಾರೆಯಾದರು. ಐದು ತಿಂಗಳಲ್ಲಿ ರೆಸಲ್‌ಮೇನಿಯಾದ ಕೊನೆಯ ಪಂದ್ಯ ಮೊದಲ ಬಾರಿಗೆ ಮಹಿಳೆಯರದ್ದಾಯಿತು.

ಭಾರತದ ಪ್ರಶ್ನೆ ಬಂದಾಗ ದಿ ಗ್ರೇಟ್ ಖಲಿಯವರ ಹೆಸರು ಬಂದೇ ಬರುತ್ತದೆ. ಹಿಮಾಚಲದ ದಲೀಪ್ ಸಿಂಗ್ ರಾಣಾ 2007ರಲ್ಲಿ ವರ್ಲ್ಡ್ ಹೆವಿವೇಯ್ಟ್ ಚಾಂಪಿಯನ್ ಆದರು, 2021ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಅಭಿಮಾನ ಸಹಜ, ಆದರೆ ರಿಂಗ್‌ನೊಳಗಿನ ಅವರ ಚಲನೆ ಸೀಮಿತವಾಗಿತ್ತು, ನೆನಪಿನಲ್ಲಿ ಉಳಿಯುವ ಪಂದ್ಯಗಳು ಕಡಿಮೆ ಎಂಬುದನ್ನು ಒಪ್ಪಬೇಕು. ಅವರ ನಿಜವಾದ ಕೊಡುಗೆಯನ್ನು ನಾನು ಜಲಂಧರದಲ್ಲಿ ಅವರು ತೆರೆದ ತರಬೇತಿ ಶಾಲೆಯಲ್ಲಿ ಕಾಣುತ್ತೇನೆ. ಅಲ್ಲಿ ಕಲಿತ ಕವಿತಾ ದೇವಿ 2017ರಲ್ಲಿ ಸಲ್ವಾರ್ ಕಮೀಜ್ ಧರಿಸಿ ಡಬ್ಲ್ಯೂಡಬ್ಲ್ಯೂಇ ರಿಂಗ್‌ಗೆ ಇಳಿದ ಮೊದಲ ಭಾರತೀಯ ಮಹಿಳೆಯಾದರು.

ರಿಂಗ್‌ನ ಹೊರಗಿನ ನಡತೆಯನ್ನೂ ತೂಗಬೇಕಾಗುತ್ತದೆ, ಇಂದಿನ ಜನ ಅದನ್ನು ಮರೆಯುವುದಿಲ್ಲ. ಹೋಗನ್ ಅವರ ಜನಾಂಗೀಯ ನಿಂದನೆಯ ಮಾತುಗಳು 2015ರಲ್ಲಿ ಹೊರಬಿದ್ದಾಗ ಸಂಸ್ಥೆ ಅವರನ್ನು ದೂರವಿಟ್ಟಿತು. 2018ರಲ್ಲಿ ಮತ್ತೆ ಸೇರಿಸಿಕೊಂಡಿತು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಪ್ರೇಕ್ಷಕರು ಅವರನ್ನು ಧಿಕ್ಕಾರದಿಂದಲೇ ಬರಮಾಡಿಕೊಂಡರು, ಅದೇ ವರ್ಷದ ಜುಲೈನಲ್ಲಿ ಅವರು ತೀರಿಕೊಂಡರು. ಜಾನ್ ಸೀನಾ ಅವರದ್ದು ಬೇರೆ ಕಥೆ. ವರ್ಷಗಟ್ಟಲೆ ಅರ್ಧ ಸಭಾಂಗಣದ ಧಿಕ್ಕಾರ ಕೇಳಿದ ಅವರು, ಮೇಕ್-ಎ-ವಿಶ್ ಸಂಸ್ಥೆಯ ಮೂಲಕ 650ಕ್ಕೂ ಹೆಚ್ಚು ಅನಾರೋಗ್ಯಪೀಡಿತ ಮಕ್ಕಳ ಆಸೆಯನ್ನು ಪೂರೈಸಿದ್ದಾರೆ. 17ನೆಯ ವಿಶ್ವ ಪಟ್ಟವನ್ನು 2025ರ ಏಪ್ರಿಲ್‌ನಲ್ಲಿ ಗೆದ್ದರು. ಅದೇ ವರ್ಷದ ಡಿಸೆಂಬರ್ 13ರಂದು ವಾಷಿಂಗ್ಟನ್‌ನಲ್ಲಿ ಕೊನೆಯ ಪಂದ್ಯವಾಡಿ ಗುಂಥರ್‌ಗೆ ಶರಣಾದರು. ಎಂದೂ ಬಿಟ್ಟುಕೊಡಬೇಡಿ ಎಂದು ಸಾರುತ್ತ ಬಂದವರು ಕೈ ತಟ್ಟಿ ಸೋಲೊಪ್ಪಿದ್ದಕ್ಕೆ ಅಭಿಮಾನಿಗಳು ಸಿಟ್ಟಾದರು. ಆ ಸಿಟ್ಟಿನ ಪೂರ್ತಿ ಲಾಭ ಗುಂಥರ್‌ಗೆ ಆಯಿತು ಎಂಬ ಕಾರಣಕ್ಕೆ ನನಗೆ ಅದು ಸರಿಯಾದ ಅಂತ್ಯವೆಂದೇ ತೋರುತ್ತದೆ.

ನೀವೇ ಪರೀಕ್ಷಿಸಿ ನೋಡುವುದಾದರೆ ಹೀಗೆ ಮಾಡಿ. ಡಬ್ಲ್ಯೂಡಬ್ಲ್ಯೂಇ ಕಾರ್ಯಕ್ರಮಗಳು 2025ರ ಏಪ್ರಿಲ್‌ನಿಂದ ಭಾರತದಲ್ಲಿಯೂ ನೆಟ್‌ಫ್ಲಿಕ್ಸ್‌ನಲ್ಲಿ ಬರುತ್ತಿವೆ. ನಿಮ್ಮ ಮೆಚ್ಚಿನ ಕುಸ್ತಿಪಟು ಸೋತ ಒಂದು ದೊಡ್ಡ ಪಂದ್ಯವನ್ನು ಆರಿಸಿಕೊಳ್ಳಿ. ಮೊದಲ ಸಲ ಎಲ್ಲರಂತೆ ನೋಡಿ. ಎರಡನೆಯ ಸಲ ಧ್ವನಿಯನ್ನು ಪೂರ್ತಿ ನಿಲ್ಲಿಸಿ, ಪೆಟ್ಟು ತಿನ್ನುವವನನ್ನಷ್ಟೇ ನೋಡಿ: ಹತ್ತು ನಿಮಿಷದ ಹಿಂದೆ ಕಾಲಿಗೆ ಬಿದ್ದ ಪೆಟ್ಟನ್ನು ಅವನು ಕೊನೆಯವರೆಗೆ ನೆನಪಿಟ್ಟುಕೊಂಡು ಕುಂಟುತ್ತಾನೆಯೇ, ಅಥವಾ ಬೇಕಾದಾಗ ಮರೆತು ಓಡುತ್ತಾನೆಯೇ? ಮೂರನೆಯ ಸಲ ಕುಸ್ತಿಪಟುಗಳನ್ನು ಬಿಟ್ಟು ಮುಂದಿನ ಸಾಲಿನ ಪ್ರೇಕ್ಷಕರ ಮುಖಗಳನ್ನು ನೋಡಿ. ಕೊನೆಯದಾಗಿ, ಆ ಪಂದ್ಯದಲ್ಲಿ ಗೆದ್ದವನು ಮುಂದಿನ ಆರು ತಿಂಗಳಲ್ಲಿ ಯಾವ ಸ್ಥಾನಕ್ಕೆ ಏರಿದ ಎಂಬುದನ್ನು ಹುಡುಕಿ ಬರೆದಿಟ್ಟುಕೊಳ್ಳಿ. ಇದೇ ಕೆಲಸವನ್ನು ಅವನ ಇನ್ನೂ ನಾಲ್ಕೈದು ಸೋಲುಗಳಿಗೆ ಮಾಡಿ, ಆಮೇಲೆ ಬೇಕಿದ್ದರೆ ಬೆಲ್ಟುಗಳನ್ನು ಎಣಿಸಿ.