ಸಕ್ಕರೆ ಬಿಡುವವರು ಹಣ್ಣನ್ನು ತಿನ್ನುವ ಕ್ರಮ

ಸಕ್ಕರೆ ಬಿಡಲು ಹೊರಟವರಿಗೆ ಕೆಲವೇ ದಿನಗಳಲ್ಲಿ ಎದುರಾಗುವ ಪ್ರಶ್ನೆಯೆಂದರೆ, ಹಣ್ಣನ್ನೂ ಬಿಡಬೇಕೇ ಎಂಬುದು. ಬಿಡಬೇಕಾಗಿಲ್ಲ. ದಿನದ ಒಟ್ಟು ಕ್ಯಾಲೊರಿಯಲ್ಲಿ ‘ಮುಕ್ತ ಸಕ್ಕರೆ’ಯ ಪಾಲು ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕೆಳಗಿಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುತ್ತದೆ. ನಾವು ಬೆರೆಸುವ ಸಕ್ಕರೆಯ ಜೊತೆಗೆ ಜೇನುತುಪ್ಪ, ಪಾಕ, ಹಣ್ಣಿನ ರಸ ಇವೆಲ್ಲ ಆ ಲೆಕ್ಕಕ್ಕೆ ಸೇರುತ್ತವೆ. ಇಡಿಯಾದ ತಾಜಾ ಹಣ್ಣಿನೊಳಗಿರುವ ಸಕ್ಕರೆ ಸೇರುವುದಿಲ್ಲ. ಆದ್ದರಿಂದ ಮೊದಲು ಕಡಿಮೆ ಮಾಡಬೇಕಾದದ್ದು ತಂಪುಪಾನೀಯ, ಬಿಸ್ಕತ್ತು, ಸಿಹಿತಿಂಡಿ ಹಾಗೂ ಚಹಾ–ಕಾಫಿಗೆ ಬೀಳುವ ಚಮಚಗಳನ್ನು. ಅವನ್ನೆಲ್ಲ ಹಾಗೆಯೇ ಉಳಿಸಿಕೊಂಡು ಬಾಳೆಹಣ್ಣಿಗೆ ಮಾತ್ರ ಪಥ್ಯ ಹಿಡಿಯುವುದು ವ್ಯರ್ಥ ಶ್ರಮ.

ಹಣ್ಣನ್ನು ಯಾವ ರೂಪದಲ್ಲಿ ತಿನ್ನುತ್ತೇವೆ ಎಂಬುದೇ ಇಲ್ಲಿ ಮುಖ್ಯ. ಮಧ್ಯಮ ಗಾತ್ರದ ಒಂದು ಕಿತ್ತಳೆಯಲ್ಲಿ ಸುಮಾರು 12 ಗ್ರಾಂ ಸಕ್ಕರೆಯೂ 3 ಗ್ರಾಂ ನಾರೂ ಇರುತ್ತವೆ. ಸಿಪ್ಪೆ ಸುಲಿದು, ತೊಳೆ ಬಿಡಿಸಿ, ಅಗಿದು ನುಂಗುವಷ್ಟರಲ್ಲಿ ಹೊಟ್ಟೆಗೂ ತಿಂದ ತೃಪ್ತಿ ಸಿಕ್ಕಿರುತ್ತದೆ. ಒಂದು ದೊಡ್ಡ ಲೋಟ ರಸಕ್ಕೆ ಅಂಥ ಎರಡು ಮೂರು ಹಣ್ಣು ಬೇಕು. ಅದರಲ್ಲಿ 20 ಗ್ರಾಂಗೂ ಹೆಚ್ಚು ಸಕ್ಕರೆ ಇರುತ್ತದೆ, ನಾರಿನ ಬಹುಪಾಲು ಹಿಂಡಿದ ಸಿಪ್ಪೆಯಲ್ಲೇ ಉಳಿಯುತ್ತದೆ, ಕುಡಿದು ಮುಗಿಸಲು ಒಂದು ನಿಮಿಷವೂ ಬೇಕಾಗದು. ಮನೆಯಲ್ಲೇ ಹಿಂಡಿದ ರಸ, ಸಕ್ಕರೆ ಹಾಕಿಲ್ಲ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಮಿಕ್ಸಿಯಲ್ಲಿ ರುಬ್ಬಿದ ಹಣ್ಣಿನಲ್ಲಿ ನಾರು ಉಳಿಯುತ್ತದೆ ನಿಜ, ಆದರೆ ಅಗಿಯುವ ಕೆಲಸ ತಪ್ಪುವುದರಿಂದ ಎಷ್ಟು ಹಣ್ಣು ಒಳಗಿಳಿಯಿತೆಂಬ ಅಂದಾಜು ಸಿಗುವುದಿಲ್ಲ.

ಒಣಹಣ್ಣುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. 100 ಗ್ರಾಂ ದ್ರಾಕ್ಷಿಯಲ್ಲಿ ಸುಮಾರು 15 ಗ್ರಾಂ ಸಕ್ಕರೆ ಇದ್ದರೆ, ಅಷ್ಟೇ ತೂಕದ ಒಣದ್ರಾಕ್ಷಿಯಲ್ಲಿ 60 ಗ್ರಾಂ ಆಸುಪಾಸಿನಲ್ಲಿರುತ್ತದೆ. ಹಸಿ ದ್ರಾಕ್ಷಿಯಾಗಿದ್ದರೆ ಎಷ್ಟು ಕಾಳು ತಿನ್ನುತ್ತಿದ್ದಿರೋ ಅಷ್ಟನ್ನೇ ಎಣಿಸಿ ತಟ್ಟೆಗೆ ಹಾಕಿಕೊಳ್ಳುವುದು ಒಳ್ಳೆಯ ಉಪಾಯ. ಡಬ್ಬಿಗೇ ಕೈಹಾಕಿ ತಿನ್ನಬಾರದು. ಖರ್ಜೂರವನ್ನು ರುಬ್ಬಿ ಮಾಡಿದ ಉಂಡೆಗೆ ‘ಸಕ್ಕರೆರಹಿತ’ ಎಂಬ ಹೆಸರು ನನಗಂತೂ ಒಪ್ಪಿಗೆಯಿಲ್ಲ.

ದಿನಕ್ಕೆ ಎರಡು ಅಥವಾ ಮೂರು ಪಾಲು ಹಣ್ಣು ಸಾಕು. ಒಂದು ಸೇಬು, ಒಂದು ಸಣ್ಣ ಬಾಳೆಹಣ್ಣು ಅಥವಾ ಒಂದು ಬಟ್ಟಲು ಪಪ್ಪಾಯಿ ಹೋಳು ಒಂದು ಪಾಲಾಗುತ್ತದೆ. ಸೀಬೆಹಣ್ಣಿನಲ್ಲಿ 100 ಗ್ರಾಂಗೆ 9 ಗ್ರಾಂನಷ್ಟು ಸಕ್ಕರೆಯ ಜೊತೆ 5 ಗ್ರಾಂ ನಾರು ಇರುವುದರಿಂದ ಅದು ಉತ್ತಮ ಆಯ್ಕೆ. ಮಾವು, ದ್ರಾಕ್ಷಿಗಳನ್ನು ಅಳತೆ ಕಡಿಮೆ ಮಾಡಿ ತಿನ್ನಬಹುದು. ಬಾಳೆಹಣ್ಣು ಕಳಿತಂತೆಲ್ಲ ಅದರ ಪಿಷ್ಟ ಸಕ್ಕರೆಯಾಗುತ್ತದೆ, ಹಾಗಾಗಿ ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಮೂಡುವ ಮೊದಲೇ ತಿನ್ನುವುದು ಲೇಸು. ಸಿಹಿಯ ಚಪಲ ಹೆಚ್ಚಾಗುವ ಹೊತ್ತು ಸಾಮಾನ್ಯವಾಗಿ ಊಟದ ನಂತರದ್ದು. ಆಗ ಸೇಬನ್ನು ಸಿಪ್ಪೆಸಹಿತ ತೆಳುವಾಗಿ ಹೆಚ್ಚಿ, ನಾಲ್ಕೈದು ಬಾದಾಮಿಯ ಜೊತೆ ಕುಳಿತು ನಿಧಾನವಾಗಿ ತಿಂದರೆ ಸಿಹಿತಿಂಡಿಯ ಜಾಗ ತುಂಬುತ್ತದೆ.

ಡಬ್ಬಿಯ ಹಣ್ಣು ಕೊಳ್ಳುವಾಗ ಪಾಕದಲ್ಲಿ ಅದ್ದಿಟ್ಟದ್ದನ್ನು ಬಿಡಿ. ‘ಸೇರಿಸಿದ ಸಕ್ಕರೆ ಇಲ್ಲ’ ಎಂದು ಮುಂಭಾಗದಲ್ಲಿ ಬರೆದಿದ್ದರೂ ಹಿಂಭಾಗದ ಪಟ್ಟಿಯಲ್ಲಿ ಹಣ್ಣಿನ ರಸದ ಸಾಂದ್ರೀಕೃತ ರೂಪ ಇದೆಯೇ ಎಂದು ನೋಡಬೇಕು.

ಮಧುಮೇಹ ಇರುವವರಿಗೆ ಹಣ್ಣಿನ ಸಕ್ಕರೆಯೂ ಊಟದ ಒಟ್ಟು ಕಾರ್ಬೋಹೈಡ್ರೇಟ್ ಲೆಕ್ಕದಲ್ಲಿ ಬರುತ್ತದೆ. ತಿನ್ನುವ ಮೊದಲು ಹಾಗೂ ಎರಡು ಗಂಟೆಗಳ ನಂತರ ಗ್ಲುಕೋಮೀಟರಿನಲ್ಲಿ ಪರೀಕ್ಷಿಸಿಕೊಂಡರೆ ಯಾವ ಹಣ್ಣು ತಮಗೆ ಒಗ್ಗುತ್ತದೆಂಬುದು ತಿಳಿಯುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಆಹಾರವನ್ನು ಬದಲಿಸುವ ಮೊದಲೇ ವೈದ್ಯರನ್ನು ಕೇಳಬೇಕು, ಏಕೆಂದರೆ ಹಳೆಯ ಪ್ರಮಾಣದ ಔಷಧಿಯಿಂದ ರಕ್ತದ ಸಕ್ಕರೆ ಅತಿಯಾಗಿ ಕುಸಿಯಬಹುದು. ಹಾಗೆ ಕುಸಿದು ಬೆವರು, ನಡುಕ ಕಾಣಿಸಿಕೊಂಡಾಗ ಇಡೀ ಹಣ್ಣು ಒದಗುವುದಿಲ್ಲ, ಅದರ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಎಚ್ಚರವಿದ್ದು ನುಂಗಬಲ್ಲವರು ಅರ್ಧ ಲೋಟ ಹಣ್ಣಿನ ರಸ ಕುಡಿದು, 15 ನಿಮಿಷಗಳ ನಂತರ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು.