ಗಡಿಯಾರ ನೋಡಿ ನಿಲ್ಲಿಸುವುದು: ಮೈಯೆಲ್ಲ ನೋವಿಗೆ ನಾನು ಕಂಡುಕೊಂಡ ದಾರಿ

ನನಗಿರುವುದು ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲ ತಿಂಗಳುಗಟ್ಟಲೆ ನೋಯುವ, ನಿದ್ದೆ ಕೆಡಿಸುವ ಕಾಯಿಲೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ನೋವು ಪೂರ್ತಿ ಹೋಗಿಲ್ಲ. ಹತ್ತರಲ್ಲಿ ಎಂಟು ಇದ್ದದ್ದು ಈಗ ಮೂರಕ್ಕೆ ಬಂದಿದೆ. ಮಾಗಿ ಚಳಿಯಲ್ಲಿ ನಾಲ್ಕಾಗುತ್ತದೆ. ಆದರೆ ಮಂಡ್ಯದಲ್ಲಿ ಮುಚ್ಚಿದ್ದ ನನ್ನ ಟೈಲರಿಂಗ್ ಅಂಗಡಿ ಮತ್ತೆ ತೆರೆದಿದೆ. ಕಳೆದ ಗೌರಿ ಹಬ್ಬಕ್ಕೆ ನೂರರ ಮೇಲೆ ಬ್ಲೌಸ್ ಹೊಲಿದು ಕೊಟ್ಟೆ, ಒಂದೂ ತಡ ಆಗಲಿಲ್ಲ. ನನ್ನ ವಿಧಾನ ಕೇಳಿ ನಂಬದೆ ತಲೆ ಆಡಿಸಿದವರೇ ಈಗ ಬಂದು, ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಓದುವವರು ನನ್ನ ಥರ ನೋವು ತಿಂದವರೇ ಇರುತ್ತೀರಿ. ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಟಿಎಸ್‌ಎಚ್ ಅಂತ ಉರಿಯೂತ, ಸಂಧಿವಾತ, ಥೈರಾಯ್ಡ್ ನೋಡುವ ರಕ್ತ ಪರೀಕ್ಷೆಗಳ ಬಗ್ಗೆ ನಿಮಗೆ ಹೆಚ್ಚು ಹೇಳಬೇಕಾಗಿಲ್ಲ. ಎಲ್ಲವೂ ನಾರ್ಮಲ್ ಅಂತ ರಿಪೋರ್ಟ್ ಬಂದಾಗ ಆಗುವ ಸಂಕಟವೂ ನಿಮಗೆ ಗೊತ್ತು. ಮೈಯೆಲ್ಲ ಯಾರೋ ಕುಟ್ಟಿದ ಹಾಗೆ ಇರುತ್ತೆ, ಕಾಗದ ಮಾತ್ರ ಏನೂ ಇಲ್ಲ ಅನ್ನುತ್ತೆ.

ದುಡ್ಡಿನ ವಿಷಯ ಮೊದಲು ಮುಗಿಸುತ್ತೇನೆ. ನಾಲ್ಕೈದು ವರ್ಷದಲ್ಲಿ ಒಂದು ಲಕ್ಷದ ಎಪ್ಪತ್ತು-ಎಂಬತ್ತು ಸಾವಿರ ಹೋಗಿರಬೇಕು. ಅಂಗಡಿ ಮುಚ್ಚಿದ್ದರ ನಷ್ಟ ಇದರಲ್ಲಿ ಸೇರಿಲ್ಲ. ಕುತ್ತಿಗೆ ಎಂಆರ್‌ಐ ಏಳು ಸಾವಿರ ಚಿಲ್ಲರೆ, ಸೊಂಟದ್ದು ಇನ್ನೊಂದು ಅಷ್ಟೇ. ನರದ ಪರೀಕ್ಷೆಗೆ ಮೂರು ಸಾವಿರದ ಹತ್ತಿರ. ರಕ್ತ ಪರೀಕ್ಷೆ ಒಂದೊಂದು ಸಲಕ್ಕೂ ಎರಡು-ಎರಡೂವರೆ ಸಾವಿರ, ಅದೂ ಡಾಕ್ಟರ್ ಬದಲಾದಾಗಲೆಲ್ಲ ಹೊಸದಾಗಿ. ಕುತ್ತಿಗೆ ಪಟ್ಟಿ, ಸೊಂಟದ ಬೆಲ್ಟು, ಟ್ರಾಕ್ಷನ್ ಬೇರೆ. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಒಂದು ಹಾಸಿಗೆ. ಉಚಿತ ಮಸಾಜ್ ಅಂತ ಕರೆದು ತಿಂಗಳುಗಟ್ಟಲೆ ಮಲಗಿಸಿ, ಆಮೇಲೆ ಅದೇ ಹಾಸಿಗೆಯನ್ನು ಕಂತಿನಲ್ಲಿ ಮಾರಿದರು. ಐವತ್ತು ಸಾವಿರದ ಮೇಲೆ. ಬೆನ್ನು ಬೆಚ್ಚಗಾಗುತ್ತಿತ್ತು, ಅಷ್ಟೇ. ಅದನ್ನು ಮಾರಲು ಹೋದರೆ ಹತ್ತು ಸಾವಿರಕ್ಕೂ ಯಾರೂ ಕೇಳಲಿಲ್ಲ.

ಇನ್ನೊಂದು ಕಡೆ ಒಬ್ಬರು 'ಸ್ಪೆಷಲ್ ಇಂಜೆಕ್ಷನ್' ಕೊಡುತ್ತಿದ್ದರು. ಚೀಟಿ ಬರೆಯುತ್ತಿರಲಿಲ್ಲ. ಹಾಕಿಸಿಕೊಂಡ ಮೇಲೆ ಒಂದು ವಾರ ಹಕ್ಕಿ ಹಾಗೆ ಓಡಾಡಿದೆ. ಆಮೇಲೆ ಮುಖ ಊದಿತು, ನೋವು ಮೊದಲಿನ ಹಾಗೇ ವಾಪಸ್ ಬಂತು. ಅದು ಸ್ಟೆರಾಯ್ಡ್ ಇರಬೇಕು ಅಂತ ಮುಂದೆ ಮೈಸೂರಿನಲ್ಲಿ ನನ್ನನ್ನು ನೋಡಿದ ಡಾಕ್ಟರಮ್ಮ ಹೇಳಿದರು. ನಮ್ಮ ಕಾಯಿಲೆಗೆ ಸ್ಟೆರಾಯ್ಡ್ ಕೆಲಸ ಮಾಡಲ್ಲ. ಚೀಟಿಯಲ್ಲಿ ಹೆಸರು ಬರೆಯದ ಔಷಧಿಯನ್ನು ದಯವಿಟ್ಟು ಯಾರೂ ಮುಟ್ಟಬೇಡಿ.

ಆಯುರ್ವೇದವನ್ನೂ ನೋಡಿದೆ. ಅಭ್ಯಂಗ, ಸ್ಟೀಮ್, ಒಂದು ವಾರದ ಕೋರ್ಸು. ಆ ವಾರ ನಿದ್ದೆ ಚೆನ್ನಾಗಿ ಬಂತು. ಎಣ್ಣೆ ನಿಂತ ಮೇಲೆ ನಿದ್ದೆಯೂ ಹೋಯಿತು. ನಿದ್ದೆ ಬಂದ ದಿನ ನೋವು ಕಡಿಮೆ ಅನ್ನುವುದು ನನಗೆ ಗೊತ್ತಾಗಿದ್ದು ಅಲ್ಲಿಯೇ. ಆದ್ದರಿಂದ ಆ ದುಡ್ಡು ಹಾಳಾಯಿತು ಅಂತ ನಾನು ಹೇಳಲ್ಲ.

ರಕ್ತದಲ್ಲಿ ವಿಟಮಿನ್ ಡಿ ಬರೀ 11 ಬಂದಿತ್ತು, ಅಂದರೆ ಕಡಿಮೆ. ವಾರಕ್ಕೊಂದು 60,000 ಯೂನಿಟ್ ಪುಡಿ, ಎರಡು ತಿಂಗಳು. ಸುಸ್ತು ಸ್ವಲ್ಪ ಇಳಿಯಿತು, ನೋವು ಕದಲಲಿಲ್ಲ. ನಮ್ಮ ಅತ್ತೆಯವರು ಇದು ಚಿಕುನ್‌ಗುನ್ಯಾದ ಉಳಿಕೆ ಅನ್ನುತ್ತಿದ್ದರು. 2006ರಲ್ಲಿ ನಮ್ಮ ಕಡೆ ಮನೆಮನೆಗೂ ಬಂದಿತ್ತಲ್ಲ, ನನಗೂ ಬಂದಿತ್ತು. ಆದರೆ ಆಗ ನೋಯುತ್ತಿದ್ದದ್ದು ಗಂಟುಗಳು. ಇದು ಗಂಟಲ್ಲ, ಮಾಂಸ. ಬ್ಲೌಸಿನ ತೋಳು ಒತ್ತಿದರೂ ಉರಿಯುತ್ತಿತ್ತು.

ಈಗ ನಾನು ಮಾಡಿದ ಕೆಲಸಕ್ಕೆ ಬರುತ್ತೇನೆ.

ಡಾಕ್ಟರ್ ಮುಂದೆ ಐದು ನಿಮಿಷ ಸಿಗುತ್ತೆ. ಆ ದಿನ ಭುಜ ನೋಯುತ್ತಿದ್ದರೆ ಭುಜ ಅನ್ನುತ್ತೇವೆ, ಅವರು ಕುತ್ತಿಗೆಗೆ ಎಕ್ಸ್‌ರೇ ಬರೆಯುತ್ತಾರೆ. ಇನ್ನೊಂದು ದಿನ ಕಾಲು ಅನ್ನುತ್ತೇವೆ, ನರದವರ ಹತ್ತಿರ ಕಳಿಸುತ್ತಾರೆ. ಮೂಳೆಯವರು ಒಂದು ತುಂಡು ನೋಡಿದರು, ನರದವರು ಇನ್ನೊಂದು ತುಂಡು. ಇಡೀ ಮೈಯನ್ನು ಒಟ್ಟಿಗೆ ಯಾರೂ ನೋಡಲಿಲ್ಲ. ಒಬ್ಬರಂತೂ ಫೈಲು ಬದಿಗಿಟ್ಟು, "ಮನೇಲಿ ಏನಾದ್ರೂ ಟೆನ್ಷನ್ನಾಮ್ಮ?" ಅಂದರು. ಆವತ್ತು ಬಸ್ಸಿನಲ್ಲಿ ಬರುವಾಗ ತೀರ್ಮಾನ ಮಾಡಿದೆ, ಇನ್ನು ಬಾಯಲ್ಲಿ ಹೇಳುವುದು ಬೇಡ, ತೋರಿಸಬೇಕು.

ಅಂಗಡಿಯಲ್ಲಿ ಡ್ರಾಫ್ಟಿಂಗ್ ಮಾಡುವ ಬ್ರೌನ್ ಪೇಪರ್ ಇತ್ತು. ಅದರ ಮೇಲೆ ಮೈಯ ಮುಂಭಾಗ, ಹಿಂಭಾಗ ಎರಡನ್ನೂ ಬರೆದೆ. ಅಳತೆ ಸರಿಯಾಗಿರಬೇಕು, ಇಲ್ಲದಿದ್ದರೆ ಭುಜ ಯಾವುದು ಬೆನ್ನು ಯಾವುದು ಗೊತ್ತಾಗಲ್ಲ. ಇಪ್ಪತ್ತು ವರ್ಷ ಅಳತೆ ತೆಗೆದ ಕೈ, ಆ ಚಿತ್ರ ನೋಡಿದರೆ ಯಾರಿಗಾದರೂ ಒಂದೇ ನೋಟಕ್ಕೆ ತಿಳಿಯುತ್ತೆ. ನೋವಿಗೆ ಕೆಂಪು ಮಾರ್ಕಿಂಗ್ ಚಾಕ್, ಜೋಮು ಹಿಡಿಯುವ ಕಡೆ ನೀಲಿ. ಕೆಳಗೆ ಆ ವಾರದ ನಿದ್ದೆ, ಬೆಳಿಗ್ಗೆ ಮೈ ಬಿಗಿ ಎಷ್ಟು ಹೊತ್ತು, ಲೆಕ್ಕ ತಪ್ಪಿದ್ದು, ಮಾತು ಮರೆತದ್ದು. ವಾರಕ್ಕೆ ಒಂದು ಹಾಳೆ. ಚಾಕ್ ಅಳಿಸಿಹೋಗುತ್ತಿತ್ತು. ಅದು ನಿಲ್ಲುವ ಹಾಗೆ ಮಾಡಲು ಒಂದು ಉಪಾಯ ಇದೆ, ನಮ್ಮ ಕಸುಬಿನದು, ಅದು ನನ್ನ ಹತ್ತಿರವೇ ಇರಲಿ. ನೀವು ಸ್ಕೆಚ್ ಪೆನ್ನಿನಲ್ಲಿ ಮಾಡಿ, ಸಾಕು.

ಮೂರು ತಿಂಗಳ ಮೇಲೆ ಹಾಳೆ ಸೇರಿದ ನಂತರ ಮೈಸೂರಿಗೆ ಹೋದೆ. ಈ ಸಲ ಮೂಳೆಯವರ ಹತ್ತಿರ ಅಲ್ಲ, ರುಮಟಾಲಜಿಸ್ಟ್, ಅಂದರೆ ಗಂಟು-ಮಾಂಸಖಂಡದ ಕಾಯಿಲೆ ನೋಡುವವರ ಹತ್ತಿರ. ನಮ್ಮ ಯಜಮಾನರು ದಾರಿಯುದ್ದಕ್ಕೂ, "ಈ ಪೇಪರ್ ಸುರುಳಿ ಹಿಡ್ಕೊಂಡು ಒಳಗೆ ಹೋದ್ರೆ ನಗ್ತಾರೆ ಕಣೇ" ಅನ್ನುತ್ತಿದ್ದರು. ಡಾಕ್ಟರಮ್ಮ ನಗಲಿಲ್ಲ. ಹಾಳೆಗಳನ್ನು ಪರೀಕ್ಷೆ ಮಂಚದ ಮೇಲೆ ಸಾಲಾಗಿ ಹಾಸಿದರು. ಎಡಕ್ಕೂ ಬಲಕ್ಕೂ ಕೆಂಪು, ಸೊಂಟದ ಮೇಲೂ ಕೆಳಗೂ ಕೆಂಪು, ಬೆನ್ನುಮೂಳೆ ಉದ್ದಕ್ಕೂ ಕೆಂಪು. ಆಮೇಲೆ ಮೈಯ 19 ಜಾಗಗಳಲ್ಲಿ ಎಷ್ಟು ಕಡೆ ನೋವಿದೆ ಅಂತ ಎಣಿಸಿದರು. ನನ್ನದು ಹದಿಮೂರೋ ಹದಿನಾಲ್ಕೋ ಆಯಿತು. ನಿದ್ದೆ, ಸುಸ್ತು, ಮರೆವಿನ ಲೆಕ್ಕ ಬೇರೆ, ಅದು ಎಂಟರ ಹತ್ತಿರ. 2016ರಲ್ಲಿ ತಿದ್ದಿದ ಅಳತೆ ಪ್ರಕಾರ ಮೊದಲನೆಯದು ಕನಿಷ್ಠ 7, ಎರಡನೆಯದು ಕನಿಷ್ಠ 5 ಇದ್ದು, ನೋವು ಮೈಯ ಬೇರೆ ಬೇರೆ ಭಾಗದಲ್ಲಿ ಮೂರು ತಿಂಗಳಿಂದ ಇದ್ದರೆ ಅದು ಫೈಬ್ರೊಮಯಾಲ್ಜಿಯಾ. 1990ರ ಹಳೇ ಪದ್ಧತಿಯಲ್ಲಿ 18 ಕಡೆ ಒತ್ತಿ ನೋಡಿ 11 ಕಡೆ ನೋಯಬೇಕಿತ್ತು. ನನಗೆ ಅದನ್ನೂ ಮಾಡಿದರು. ಒತ್ತಿದ ಕಡೆಯೆಲ್ಲ ಕಣ್ಣಲ್ಲಿ ನೀರು ಬಂತು.

ಒಂದು ಭಯ ಉಳಿದಿತ್ತು. ಎಎನ್‌ಎ ಅನ್ನುವ ರಕ್ತ ಪರೀಕ್ಷೆ ಕಡಿಮೆ ಮಟ್ಟದಲ್ಲಿ ಪಾಸಿಟಿವ್ ಬಂದಿತ್ತು, ಮೈಯ ರಕ್ಷಣಾ ಶಕ್ತಿಯೇ ಮೈಯ ಮೇಲೆ ತಿರುಗುವ ಲೂಪಸ್ ಕಾಯಿಲೆ ಇರಬಹುದು ಅಂತ ಯಾರೋ ಹೆದರಿಸಿದ್ದರು. ಆರು ತಿಂಗಳು ಆ ಭಯದಲ್ಲೇ ಇದ್ದೆ. ಡಾಕ್ಟರಮ್ಮ ಚರ್ಮ, ಬಾಯಿ, ಗಂಟು, ಮೂತ್ರ ಎಲ್ಲ ನೋಡಿ, ಆರೋಗ್ಯವಾಗಿರುವವರಲ್ಲೂ ಇಷ್ಟು ಬರುತ್ತೆ ಅಂದರು. ಕ್ಯಾಲ್ಸಿಯಂ, ಮಾಂಸಖಂಡಕ್ಕೆ ಪೆಟ್ಟಾಗಿದೆಯಾ ಅಂತ ನೋಡುವ ಸಿಕೆ, ವಿಟಮಿನ್ ಬಿ12 ಒಂದು ಸಲ ಮಾಡಿಸಿ, ಇನ್ನು ರಕ್ತ ಕೊಡುವುದು ಸಾಕು ಅಂದರು. ಆ ಮಾತೇ ಅರ್ಧ ಔಷಧಿ ಆಯಿತು.

ಮಾತ್ರೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ ನಿಲ್ಲಿಸಿದರು, ಈ ನೋವಿಗೆ ಅದು ನಾಟಲ್ಲ, ಹೊಟ್ಟೆ ಕಿಡ್ನಿ ಕೆಡುತ್ತೆ. ನರದ ನೋವಿನ ಮಾತ್ರೆ ಪ್ರಿಗಾಬಲಿನ್ 75 ಮಿಲಿಗ್ರಾಂ ಕೊಟ್ಟರು. ತಲೆ ತಿರುಗಿ, ಪಾದ ಊದಿ, ತೂಕ ನಾಲ್ಕು ಕೆಜಿ ಏರಿತು. ಕತ್ತರಿ ಹಿಡಿದರೆ ಗೆರೆ ನೇರ ಬರುತ್ತಿರಲಿಲ್ಲ. ಕೆಲವರಿಗೆ ಅದೇ ಚೆನ್ನಾಗಿ ಹಿಡಿಯುತ್ತೆ, ನನಗೆ ಆಗಲಿಲ್ಲ. ಡಾಕ್ಟರಮ್ಮನನ್ನು ಕೇಳಿಯೇ ನಿಧಾನಕ್ಕೆ ಇಳಿಸಿ ಬಿಟ್ಟೆ. ಕೊನೆಗೆ ನೋವಿಗೂ ನಿದ್ದೆಗೂ ಆಗುವ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ, ರಾತ್ರಿ ಒಂದು. ಮೊದಲ ಎರಡು ವಾರ ಬಾಯಿ ಒಣಗಿ, ಬೆಳಿಗ್ಗೆ ಮಂಪರು ಇರುತ್ತಿತ್ತು. ಒಂಬತ್ತಕ್ಕೆ ತೆಗೆದುಕೊಳ್ಳುತ್ತಿದ್ದದ್ದನ್ನು ಎಂಟಕ್ಕೆ ತಂದ ಮೇಲೆ ಮಂಪರು ಹೋಯಿತು. ಜನೌಷಧಿಯಲ್ಲಿ ತಗೊಂಡರೆ ತಿಂಗಳಿಗೆ ನೂರು ರೂಪಾಯಿಯೂ ಆಗಲ್ಲ. ಆ ಹಾಸಿಗೆಯ ಕಂತು ನೆನೆದರೆ ಈಗಲೂ ಸಿಟ್ಟು ಬರುತ್ತೆ.

ಆದರೆ ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದು ಮಾತ್ರೆ ಅಲ್ಲ, ಗಡಿಯಾರ. ಎಲ್ಲರೂ ಅನುಮಾನ ಪಟ್ಟಿದ್ದೂ ಇದರ ಬಗ್ಗೆಯೇ.

ಯುರೋಪಿನ ರುಮಟಾಲಜಿ ಸಂಘ 2016ರಲ್ಲಿ ತಿದ್ದಿದ ಸಲಹೆಗಳಲ್ಲಿ ಗಟ್ಟಿಯಾಗಿ ಶಿಫಾರಸು ಮಾಡಿದ್ದು ವ್ಯಾಯಾಮ ಒಂದನ್ನೇ ಅಂತ ಡಾಕ್ಟರಮ್ಮ ಹೇಳಿದ್ದರು. ಸರಿ, ನಡೆಯುವುದು ಅಂತಾಯಿತು. ಫಿಸಿಯೋ ಮಾಡುವವರು ದಿನಾ ಅರ್ಧ ಗಂಟೆ ಅಂದರು. ಅರ್ಧ ಗಂಟೆ ನಡೆದರೆ ಮೂರು ದಿನ ಮಲಗಬೇಕಾಗುತ್ತಿತ್ತು. ನಮ್ಮವರಿಗೆಲ್ಲ ಇದು ಗೊತ್ತಿರುವ ಆಟ. ಚೆನ್ನಾಗಿರುವ ದಿನ ಎಲ್ಲ ಕೆಲಸ ಎಳೆದುಕೊಳ್ಳುತ್ತೇವೆ, ಮಾರನೇ ದಿನ ಬೀಳುತ್ತೇವೆ. ನಾನು ಬೇರೆ ಲೆಕ್ಕ ಹಾಕಿದೆ. ನೋವು ಬಂದಾಗ ನಿಲ್ಲಿಸುವುದಲ್ಲ, ನೋವು ಬರುವ ಮೊದಲೇ ಗಂಟೆ ನೋಡಿ ನಿಲ್ಲಿಸುವುದು. ಮಂಡ್ಯ ಸ್ಟೇಡಿಯಂನಲ್ಲಿ ನಾಲ್ಕು ನಿಮಿಷದಿಂದ ಶುರು. ಮೈ ಹಗುರ ಇದ್ದ ದಿನವೂ ನಾಲ್ಕೇ ನಿಮಿಷ. ಮೈ ಭಾರ ಇದ್ದ ದಿನ ಎರಡು, ಸೊನ್ನೆ ಮಾತ್ರ ಇಲ್ಲ. ವಾರಕ್ಕೆ ಒಂದೇ ನಿಮಿಷ ಜಾಸ್ತಿ.

ನಮ್ಮ ಓರಗಿತ್ತಿ ಬಾಗಿಲಲ್ಲಿ ನಿಂತು, "ಏನಕ್ಕ, ನಾಕ್ ನಿಮ್ಸ ನಡಿಯಾಕೆ ಸ್ಟೇಡಿಯಂ ಗಂಟ ಆಟೋ ಬೇರೆ ಬೇಕಾ?" ಅಂದಳು. ಫಿಸಿಯೋದವರೂ ಇಷ್ಟರಲ್ಲಿ ಏನೂ ಆಗಲ್ಲ ಅಂದರು. ಮೊದಲ ಎರಡು ತಿಂಗಳು ನಿಜಕ್ಕೂ ಏನೂ ಆಗಲಿಲ್ಲ. ಹಟ ಬಿಡಲಿಲ್ಲ. ಹದಿನೈದು ನಿಮಿಷ ದಾಟಿದ ಮೇಲೆ ಬೆಳಿಗ್ಗೆಯ ಬಿಗಿ ಎರಡು ಗಂಟೆಯಿಂದ ಮುಕ್ಕಾಲು ಗಂಟೆಗೆ ಇಳಿಯಿತು. ಹಾಳೆಯಲ್ಲಿ ಕೆಂಪು ಕಡಿಮೆಯಾಗುವುದು ಕಣ್ಣಿಗೆ ಕಂಡಿತು. ಹೋದ ವರ್ಷ ದಸರಾ ಮುಗಿದ ಮೇಲೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಪೂರ್ತಿ ಒಂದು ಸುತ್ತು ಬಂದೆ. ಸುತ್ತಿನ ನಡುವೆ ಎರಡು ಸಲ ಕೂತೆ, ಅದೂ ಗಡಿಯಾರದ ಪ್ರಕಾರವೇ. ಮಾರನೇ ದಿನ ಅಂಗಡಿ ತೆರೆದೆ.

ಮಷೀನಿಗೂ ಇದೇ ನಿಯಮ. ಇಪ್ಪತ್ತು ನಿಮಿಷ ಹೊಲಿಗೆ, ಮೊಬೈಲ್ ಕೂಗಿದ ಕೂಡಲೇ ಏಳಬೇಕು, ತೋಳಿನ ಅರ್ಧ ಹೊಲಿಗೆಯಲ್ಲಿದ್ದರೂ ಸರಿ. ಆಮೇಲೆ ನಿಂತು ಇಸ್ತ್ರಿ, ನಂತರ ಒರಗಿ ಕೂತು ಹುಕ್ಸ್, ಹೆಮ್ಮಿಂಗ್. ಒಂದು ಬ್ಲೌಸ್ ಮುಗಿಸಿ ಇನ್ನೊಂದಕ್ಕೆ ಹೋಗುವ ಪದ್ಧತಿ ಬಿಟ್ಟೆ. ಯಾವ ಕೆಲಸದ ಹಿಂದೆ ಯಾವುದು ಅನ್ನುವ ನನ್ನ ಸರದಿಯನ್ನು ಇಲ್ಲಿ ಪೂರ್ತಿ ಬಿಚ್ಚಿಡಲ್ಲ, ಹೊಟ್ಟೆಪಾಡಿನ ವಿಷಯ. ಒಂದೇ ಮಾತು ಹೇಳುತ್ತೇನೆ, ಭುಜ ಎತ್ತುವ ಎರಡು ಕೆಲಸ ಒಂದರ ಹಿಂದೆ ಒಂದು ಬರಬಾರದು. ಹಳೇ ಕ್ಲಚ್ ಮೋಟರ್ ತೆಗೆಸಿ ಸರ್ವೋ ಮೋಟರ್ ಹಾಕಿಸಿದೆ, ಐದು ಸಾವಿರದ ಒಳಗೆ ಆಯಿತು. ಮಷೀನಿನ ಅದುರು ಕಡಿಮೆಯಾಗಿ ಕೈಯ ಜೋಮು ಅರ್ಧಕ್ಕೆ ಇಳಿಯಿತು. ಟೇಬಲ್ ಕಾಲಿಗೆ ಮರದ ತುಂಡು ಕೊಟ್ಟು ಎರಡು ಇಂಚು ಎತ್ತರಿಸಿದ ಮೇಲೆ ಕುತ್ತಿಗೆ ಬಗ್ಗುವುದೂ ತಪ್ಪಿತು.

ಶಾಖದ ಚೀಲದ ಪ್ರಯೋಗವನ್ನೂ ಹೇಳಬೇಕು. ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಕಟ್ಟುವುದು ಎಲ್ಲರಿಗೂ ಗೊತ್ತು, ಆದರೆ ಅದು ಗಟ್ಟಿ, ಚರ್ಮ ಸುಡುತ್ತೆ. ಅಕ್ಕಿ ತುಂಬಿದೆ, ಬೇಗ ಆರಿತು. ಹುರುಳಿ ಪರವಾಗಿಲ್ಲ, ಆದರೆ ಕಾಳು ಚುಚ್ಚುತ್ತೆ. ಕೊನೆಗೆ ರಾಗಿ ಹಾಕಿದೆ. ಸಣ್ಣ ಕಾಳು, ಕುತ್ತಿಗೆ ಸುತ್ತ ನೀರಿನ ಹಾಗೆ ಕೂರುತ್ತೆ, ಶಾಖ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಹೊತ್ತು ಉಳಿಯುತ್ತೆ. ದಪ್ಪ ಕಾಟನ್ ಬಟ್ಟೆ, ಒಳಗೆ ಆರು ಮನೆ ಹೊಲಿಯಬೇಕು, ಇಲ್ಲದಿದ್ದರೆ ರಾಗಿಯೆಲ್ಲ ಒಂದು ಕಡೆ ಸರಿಯುತ್ತೆ. ರಾಗಿ ಜೊತೆ ಇನ್ನೊಂದು ಸೇರಿಸುತ್ತೇನೆ, ಅದನ್ನು ಹೇಳಲ್ಲ, ಯಾಕೆಂದರೆ ಈಗ ಈ ಚೀಲ ಹೊಲಿದು ಮಾರುತ್ತಿದ್ದೇನೆ. ಒಂದಕ್ಕೆ ಇನ್ನೂರೈವತ್ತು. ಓರಗಿತ್ತಿಯೂ ಎರಡು ತಗೊಂಡಳು. ಮಂಡಿ ನೋವಿಗೆ ಅವಳು ಸ್ಟೇಡಿಯಂಗೂ ಬರುತ್ತಾಳೆ, ಆರು ನಿಮಿಷದಲ್ಲಿದ್ದಾಳೆ.

ಸಕ್ಕರೆ ಬಿಟ್ಟು ನೋಡಿದೆ, ಗೋಧಿ ಬಿಟ್ಟು ನೋಡಿದೆ. ನನಗೆ ವ್ಯತ್ಯಾಸ ಕಾಣಲಿಲ್ಲ. ಸಂಜೆ ಕಾಫಿ ಬಿಟ್ಟದ್ದರಿಂದ ನಿದ್ದೆಗೆ ಅನುಕೂಲ ಆಯಿತು.

ಹೊಸದಾಗಿ ಶುರು ಮಾಡುವವರು ಮೊದಲು ಡಾಕ್ಟರ್ ಹತ್ತಿರ ಥೈರಾಯ್ಡ್, ಗಂಟು ಊತ ಇಂಥದ್ದೆಲ್ಲ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಜ್ವರ, ತೂಕ ಇಳಿಯುವುದು, ಕೈಕಾಲಿನ ಶಕ್ತಿ ಹೋಗುವುದು ಇದ್ದರೆ ನನ್ನ ಲೆಕ್ಕ ನಿಮಗಲ್ಲ, ತಡ ಮಾಡದೆ ತೋರಿಸಿ. ಯುಗಾದಿ ಕಳೆದ ಮೇಲೆ ನನ್ನ ಮಾತ್ರೆ ನಿಲ್ಲಿಸಿ ನೋಡೋಣ ಅಂತ ಡಾಕ್ಟರಮ್ಮ ಹೇಳಿದ್ದಾರೆ. ಅಲ್ಲಿಯವರೆಗೆ ದಿನಕ್ಕೆ ನಾಲ್ಕೇ ಬ್ಲೌಸ್. ಅರ್ಜೆಂಟ್ ಅಂತ ಎರಡರಷ್ಟು ದುಡ್ಡು ಕೊಟ್ಟರೂ ಐದನೆಯದು ಮುಟ್ಟಲ್ಲ, ಹಬ್ಬದ ಹಿಂದಿನ ವಾರ ಹೊಸ ಬಟ್ಟೆ ತಗೊಳ್ಳಲ್ಲ. ಗಿರಾಕಿಗಳಿಗೂ ಈಗ ಇದು ಅಭ್ಯಾಸ ಆಗಿದೆ, ಗೌರಿ ಹಬ್ಬದ ಬಟ್ಟೆ ಜೂನ್ ತಿಂಗಳಲ್ಲೇ ತಂದು ಕೊಡುತ್ತಾರೆ.